ರೆಸಾರ್ಟಿನ ಟೆಲಿವಿಷನ್ನೂ ನಮ್ಮ ಸ್ಟ್ರೀಮಿಂಗ್ ಸ್ಟಿಕ್ಕೂ

ಬೆರಳುದ್ದದ ಒಂದು ಉಪಕರಣವನ್ನು ಟೆಲಿವಿಷನ್ನಿನ ಬೆನ್ನಿಗೆ ಸಿಕ್ಕಿಸಿ, ಬೇಕಾದ ಚಲನಚಿತ್ರವನ್ನು ಬೇಕೆಂದ ಹೊತ್ತಿನಲ್ಲಿ ನೋಡುವುದು ಇಂದು ಎಷ್ಟೋ ಮನೆಗಳಲ್ಲಿ ವಾಡಿಕೆಯಾಗಿದೆ. ಅದೇ ಉಪಕರಣವನ್ನು ಚೀಲದಲ್ಲಿಟ್ಟುಕೊಂಡು ಕೊಡಗಿಗೋ ಚಿಕ್ಕಮಗಳೂರಿಗೋ ರಜೆಗೆಂದು ಹೋಗಿ, ಅಲ್ಲಿಯ ರೆಸಾರ್ಟಿನ ಕೋಣೆಯ ಟೆಲಿವಿಷನ್ನಿಗೆ ಸಿಕ್ಕಿಸಿದಾಗ ಮಾತ್ರ ಅದು ಮೊಂಡು ಹಿಡಿಯುವುದುಂಟು. ಕೆಲವೊಮ್ಮೆ ತೆರೆ ಕಪ್ಪಾಗಿಯೇ ಉಳಿಯುತ್ತದೆ. ಕೆಲವೊಮ್ಮೆ ವೈಫೈ ಸಿಕ್ಕಿದೆ, ಇಂಟರ್‌ನೆಟ್ ಸಿಕ್ಕಿಲ್ಲ ಎಂಬ ಒಗಟಿನಂಥ ಸೂಚನೆ ಮೂಡುತ್ತದೆ. ಮತ್ತೆ ಕೆಲವೊಮ್ಮೆ, ಎರಡಡಿ ದೂರದಲ್ಲಿ ಹಿಡಿದಿರುವ ಮೊಬೈಲಿಗೆ ಆ ಉಪಕರಣವು ಕಾಣಿಸುವುದೇ ಇಲ್ಲ. ಇಂಥಲ್ಲಿ ಉಪಕರಣವೇ ಕೆಟ್ಟಿತೆಂದು ಬಗೆಯುವವರು ಹೆಚ್ಚು. ಆದರೆ ಬಹುಪಾಲು ಸಂದರ್ಭಗಳಲ್ಲಿ ಅದು ಕೆಟ್ಟಿರುವುದಿಲ್ಲ. ಮನೆಯ ಜಾಲವು ತನ್ನೊಳಗಿನ ಎಲ್ಲರನ್ನೂ ನಂಬುತ್ತದೆ. ರೆಸಾರ್ಟಿನ ಜಾಲವನ್ನು ಯಾರನ್ನೂ ಸುಲಭವಾಗಿ ನಂಬದಂತೆ ಕಟ್ಟಿರುತ್ತಾರೆ. ಈ ಭೇದವು ಎಲ್ಲೆಲ್ಲಿ ಹೇಗೆ ಅಡ್ಡ ಬರುತ್ತದೆಂಬುದನ್ನು ಒಂದೊಂದಾಗಿ ವಿಚಾರ ಮಾಡೋಣ.

ಸ್ಟ್ರೀಮಿಂಗ್ ಸ್ಟಿಕ್ ಎಂದು ಕರೆಯಲ್ಪಡುವ ಈ ಬಗೆಯ ಉಪಕರಣಗಳಲ್ಲಿ ಹೆಸರುವಾಸಿಯಾದವು ಎರಡು. ಗೂಗಲ್ ಸಂಸ್ಥೆಯ ಕ್ರೋಮ್‌ಕಾಸ್ಟ್ ೨೦೧೩ರಲ್ಲಿಯೂ ಅಮೆಜಾನ್ ಸಂಸ್ಥೆಯ ಫೈರ್ ಟಿ.ವಿ. ಸ್ಟಿಕ್ ೨೦೧೪ರಲ್ಲಿಯೂ ಮಾರುಕಟ್ಟೆಗೆ ಬಂದವು. ಕ್ರೋಮ್‌ಕಾಸ್ಟಿನ ತಯಾರಿಕೆ ೨೦೨೪ರಲ್ಲಿ ನಿಂತಿತಾದರೂ ಅದು ಇನ್ನೂ ಅನೇಕರ ಬಳಿ ಇದೆ. ಗಾತ್ರ ಚಿಕ್ಕದಾದರೂ ಇದೊಂದು ಪೂರ್ಣ ಕಂಪ್ಯೂಟರು. ಲೆಕ್ಕಾಚಾರ ಮಾಡುವ ಚಿಪ್ಪು, ನೆನಪಿನ ಕೋಶ, ವೈಫೈ ರೇಡಿಯೋ ಎಲ್ಲವೂ ಅದರಲ್ಲಿವೆ. ಇಲ್ಲದಿರುವುವು ಎರಡೇ: ತೆರೆ ಮತ್ತು ಕೀಲಿಮಣೆ. ತೆರೆಯನ್ನು ಅದು ಟೆಲಿವಿಷನ್ನಿನಿಂದ ಎರವಲು ಪಡೆಯುತ್ತದೆ. ಕೀಲಿಮಣೆಯ ಕೊರತೆ ಎಂಥ ತೊಡಕನ್ನು ತರುತ್ತದೆಂಬುದನ್ನು ಮುಂದೆ ಕಾಣುವೆವು.

ತಂತಿಯ ಸಂಬಂಧ

ಸ್ಟಿಕ್ಕು ಟೆಲಿವಿಷನ್ನಿಗೆ ಸೇರುವುದು ಎಚ್.ಡಿ.ಎಂ.ಐ. ಎಂಬ ಕಿಂಡಿಯ ಮೂಲಕ. ೨೦೦೨ರಲ್ಲಿ ಮೊದಲು ಗೊತ್ತುಪಡಿಸಲಾದ ಈ ವ್ಯವಸ್ಥೆಯಲ್ಲಿ ೧೯ ಸಂಪರ್ಕ ಬಿಂದುಗಳಿವೆ. ಚಿತ್ರ ಮತ್ತು ಧ್ವನಿಗಳು ಅಂಕಿಗಳ ರೂಪದಲ್ಲಿ ಮೂರು ಜೋಡಿ ತಂತಿಗಳ ಮೇಲೆ ಹರಿಯುತ್ತವೆ; ಸಾಮಾನ್ಯ ಕ್ರಮದಲ್ಲಿ ನಾಲ್ಕನೆಯ ಜೋಡಿಯು ತಾಳ ಹಾಕುವ ಕೆಲಸ ಮಾಡುತ್ತದೆ. ಒಂದು ಸಂಜ್ಞೆಗೆ ಒಂದು ತಂತಿಯ ಬದಲು ಎರಡು ಏಕೆ? ಜೋಡಿಯ ಒಂದು ತಂತಿಯಲ್ಲಿ ವೋಲ್ಟೇಜು ಏರಿದಾಗ ಇನ್ನೊಂದರಲ್ಲಿ ಇಳಿಯುವಂತೆ ಏರ್ಪಡಿಸಿದೆ. ಹೊರಗಿನ ವಿದ್ಯುತ್ ಗದ್ದಲವು ಎರಡು ತಂತಿಗಳನ್ನೂ ಸುಮಾರು ಒಂದೇ ಸಮನಾಗಿ ಕದಡುತ್ತದೆ. ಟೆಲಿವಿಷನ್ನು ಇವೆರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲವು ಕಳೆದುಹೋಗಿ ಸಂಜ್ಞೆ ಮಾತ್ರ ಉಳಿಯುತ್ತದೆ.

ಚಿತ್ರ ಹರಿಯುವುದಕ್ಕೆ ಮುಂಚೆ ಎರಡು ಯಂತ್ರಗಳ ನಡುವೆ ಒಂದು ಸಂಭಾಷಣೆ ನಡೆಯುತ್ತದೆ. ತಾನು ಎಂಥ ಚಿತ್ರವನ್ನು ತೋರಿಸಬಲ್ಲೆನೆಂದು ಟೆಲಿವಿಷನ್ನು ತಿಳಿಸುತ್ತದೆ. ಅದಕ್ಕೆ ತಕ್ಕಂತೆ ಸ್ಟಿಕ್ಕು ಚಿತ್ರವನ್ನು ಸಿದ್ಧಪಡಿಸುತ್ತದೆ. ಅಲ್ಲದೆ, ಚಲನಚಿತ್ರಗಳನ್ನು ನಕಲು ಮಾಡದಂತೆ ತಡೆಯಲು ಇಂಟೆಲ್ ಸಂಸ್ಥೆಯವರು ರೂಪಿಸಿದ ಎಚ್.ಡಿ.ಸಿ.ಪಿ. ಎಂಬ ಗುಪ್ತಲಿಪಿಯ ಕ್ರಮವೊಂದಿದೆ. ಎರಡೂ ಕಡೆಯ ಕೀಲಿಗಳು ತಾಳೆಯಾಗದಿದ್ದರೆ ಪಟ್ಟಿಯ ಪುಟಗಳು ಕಾಣಿಸಿ, ಚಲನಚಿತ್ರ ಆರಂಭವಾಗುವ ಹೊತ್ತಿಗೆ ತೆರೆ ಬರಿದಾಗುವುದುಂಟು. ಹಳೆಯ ಟೆಲಿವಿಷನ್ನುಗಳಲ್ಲಿ ಈ ತೊಂದರೆ ಕಂಡರೆ ಬೇರೊಂದು ಎಚ್.ಡಿ.ಎಂ.ಐ. ಕಿಂಡಿಯನ್ನು ಪರೀಕ್ಷಿಸಿ ನೋಡಬೇಕು.

ವಿದ್ಯುತ್ತಿನ ಲೆಕ್ಕವನ್ನೂ ಇಲ್ಲಿ ಮಾಡಬೇಕು. ಎಚ್.ಡಿ.ಎಂ.ಐ. ಕಿಂಡಿಯಿಂದ ೫ ವೋಲ್ಟಿನಲ್ಲಿ ಖಚಿತವಾಗಿ ದೊರೆಯಬೇಕಾದ ಪ್ರವಾಹ ೫೫ ಮಿಲಿ ಆಂಪಿಯರ್ ಮಾತ್ರ. ಇದು ಕಾಲು ವಾಟಿಗಿಂತ ತುಸು ಹೆಚ್ಚು. ಟೆಲಿವಿಷನ್ನಿನ ಸಾಧಾರಣ ಯು.ಎಸ್.ಬಿ. ಕಿಂಡಿ ೫೦೦ ಮಿಲಿ ಆಂಪಿಯರ್, ಎಂದರೆ ಎರಡೂವರೆ ವಾಟನ್ನು ಕೊಡುತ್ತದೆ. ಸ್ಟಿಕ್ಕಿನೊಡನೆ ಬರುವ ಚಾರ್ಜರಾದರೋ ಸಾಮಾನ್ಯವಾಗಿ ೧ ಆಂಪಿಯರ್, ಎಂದರೆ ೫ ವಾಟಿನದು. ಮತ್ತೆ ಮತ್ತೆ ತಾನಾಗಿ ಆರಿ ಹೊತ್ತಿಕೊಳ್ಳುವ ಸ್ಟಿಕ್ಕಿಗೆ ಹಸಿವೇ ರೋಗವಾಗಿರುವುದು ಹೆಚ್ಚು. ಅದರ ಚಾರ್ಜರನ್ನು ಮನೆಯಿಂದ ಒಯ್ದು ಗೋಡೆಯ ಪ್ಲಗ್ಗಿಗೆ ಹಾಕುವುದೇ ಮದ್ದು.

ತಂತಿ ಸರಿಯಾಗಿದ್ದೂ ಚಿತ್ರ ಬಾರದಿದ್ದರೆ ಕಾರಣವು ಟೆಲಿವಿಷನ್ನಿನ ಬೀಗವಿರಬಹುದು. ವಸತಿಗೃಹಗಳಿಗೆಂದು ತಯಾರಾಗುವ ಟೆಲಿವಿಷನ್ನುಗಳಲ್ಲಿ ಹೋಟೆಲ್ ಮೋಡ್ ಎಂಬ ಏರ್ಪಾಡಿರುತ್ತದೆ. ಧ್ವನಿಯು ಒಂದು ಮಿತಿಯನ್ನು ದಾಟದಂತೆಯೂ, ಕಿಂಡಿಯಿಂದ ಕಿಂಡಿಗೆ ಬದಲಾಯಿಸಲಾಗದಂತೆಯೂ ಒಡೆಯರು ಅದನ್ನು ಕಟ್ಟಿಡಬಹುದು. ಅಂಥಲ್ಲಿ ಸ್ಟಿಕ್ಕಿನ ಸಂಜ್ಞೆ ಬಾಗಿಲವರೆಗೆ ಬಂದಿದ್ದರೂ ಟೆಲಿವಿಷನ್ನಿಗೆ ಅತ್ತ ನೋಡುವ ಅನುಮತಿ ಇರುವುದಿಲ್ಲ. ಕಚೇರಿಯವರನ್ನು ಕೇಳಿ ಬೀಗ ತೆಗೆಸಿಕೊಳ್ಳುವುದೇ ಸರಿಯಾದ ಮಾರ್ಗ.

ಬಾಗಿಲ ಕಾವಲು

ಇನ್ನು ವೈಫೈ. ಇದು ೨.೪ ಮತ್ತು ೫ ಗಿಗಾಹರ್ಟ್ಸ್ ಆವೃತ್ತಿಗಳ ರೇಡಿಯೋ ತರಂಗ. ಮೊದಲನೆಯದರ ಅಲೆಯುದ್ದ ಸುಮಾರು ೧೨.೫ ಸೆಂಟಿಮೀಟರ್, ಎರಡನೆಯದರದು ಸುಮಾರು ೬. ಕಲ್ಲುಗೋಡೆಗಳನ್ನು ದಾಟುವಾಗ ಎರಡೂ ಕುಂದುತ್ತವೆ. ೫ ಗಿಗಾಹರ್ಟ್ಸಿನದು ಇನ್ನೂ ಬೇಗ ಕುಂದುತ್ತದೆ. ಟೆಲಿವಿಷನ್ನಿನ ಒಳಗಿರುವ ಲೋಹದ ತಗಡು ಸಹ ಅದರ ಬೆನ್ನಿಗಂಟಿದ ಸ್ಟಿಕ್ಕಿಗೆ ಮರೆಯಾಗುತ್ತದೆ. ಗಿಡ್ಡನೆಯ ಎಚ್.ಡಿ.ಎಂ.ಐ. ತಂತಿಯೊಂದನ್ನು ನಡುವೆ ಸೇರಿಸಿ ಸ್ಟಿಕ್ಕನ್ನು ಈಚೆಗೆ ಎಳೆದಿಟ್ಟರೆ ತರಂಗ ಚೆನ್ನಾಗಿ ಸಿಗುತ್ತದೆ.

ತರಂಗ ಸಿಕ್ಕಿದ ಮಾತ್ರಕ್ಕೆ ಇಂಟರ್‌ನೆಟ್ ಸಿಗಲಿಲ್ಲ. ಛತ್ರದಲ್ಲಿ ಇಳಿಯುವವರು ಪಾರುಪತ್ಯಗಾರನ ಪುಸ್ತಕದಲ್ಲಿ ಹೆಸರು ಬರೆಸಬೇಕಾಗಿದ್ದಂತೆ, ಇಲ್ಲಿಯೂ ಹೆಸರು ದಾಖಲಾಗಬೇಕು. ಇದಕ್ಕೆ ನಮ್ಮ ದೇಶದಲ್ಲಿ ಗಂಭೀರವಾದ ಕಾರಣವೊಂದಿದೆ. ೨೦೦೮ರ ಜುಲೈ ತಿಂಗಳ ಅಹಮದಾಬಾದಿನ ಬಾಂಬ್ ಸ್ಫೋಟಗಳ ಸಂದರ್ಭದಲ್ಲಿ ಭಯೋತ್ಪಾದಕರು ಕಳಿಸಿದ ಇಮೇಲು ನವಿ ಮುಂಬಯಿಯ ಒಂದು ಮನೆಯ ಕಾವಲಿಲ್ಲದ ವೈಫೈ ಮೂಲಕ ಹೋಗಿತ್ತು. ೨೦೦೯ರಲ್ಲಿ ದೂರಸಂಪರ್ಕ ಇಲಾಖೆಯು ಆಜ್ಞೆ ಹೊರಡಿಸಿ, ಸಾರ್ವಜನಿಕ ಸ್ಥಳಗಳಲ್ಲಿ ವೈಫೈ ಬಳಸುವವರ ಗುರುತನ್ನು ದಾಖಲಿಸಬೇಕೆಂದು ವಿಧಿಸಿತು. ಮೊಬೈಲ್ ಸಂಖ್ಯೆ ಕೊಟ್ಟು, ಅದಕ್ಕೆ ಬರುವ ಓ.ಟಿ.ಪಿ.ಯನ್ನು ತುಂಬಿಸುವ ಪದ್ಧತಿಯು ಈ ವ್ಯವಸ್ಥೆಯ ಭಾಗ.

ಕಾವಲಿನ ಯಂತ್ರವು ಕೆಲಸ ಮಾಡುವ ರೀತಿ ಹೀಗೆ. ಹೊಸದಾಗಿ ಜಾಲಕ್ಕೆ ಸೇರಿದ ಉಪಕರಣವು ಹೊರಗೆ ಪರಿಚಿತವಾದ ಒಂದು ವಿಳಾಸಕ್ಕೆ ಪ್ರಶ್ನೆಯೊಂದನ್ನು ಕಳಿಸುತ್ತದೆ. ಅದಕ್ಕೆ ಬರಬೇಕಾದ ಉತ್ತರ ಏನೆಂಬುದು ಅದಕ್ಕೆ ಮೊದಲೇ ಗೊತ್ತು. ಕಾವಲಿನ ಯಂತ್ರವು ಪ್ರಶ್ನೆಯನ್ನು ನಡುದಾರಿಯಲ್ಲೇ ಹಿಡಿದು, ತನ್ನ ನೋಂದಣಿಯ ಪುಟವನ್ನು ಉತ್ತರವಾಗಿ ಕೊಡುತ್ತದೆ. ಉತ್ತರ ಬೇರೆಯಾದುದನ್ನು ಕಂಡ ಮೊಬೈಲು, ಇಲ್ಲಿ ಬಾಗಿಲಿದೆ ಎಂದು ತಿಳಿದು ಆ ಪುಟವನ್ನು ನಮ್ಮೆದುರು ತೆರೆಯುತ್ತದೆ. ಪುಟ ತೆರೆಯುವ ಸಾಮರ್ಥ್ಯವಾಗಲಿ, ಅಕ್ಷರ ತುಂಬಿಸುವ ಅನುಕೂಲವಾಗಲಿ ಇಲ್ಲದ ಉಪಕರಣವಾದರೋ ಬಾಗಿಲಲ್ಲೇ ನಿಂತುಬಿಡುತ್ತದೆ. ವೈಫೈ ಇದ್ದೂ ಇಂಟರ್‌ನೆಟ್ ಇಲ್ಲದ ಒಗಟಿಗೆ ಇದೇ ಉತ್ತರ. ಫೈರ್ ಟಿ.ವಿ. ಸ್ಟಿಕ್ಕು ಇಂಥ ಪುಟವನ್ನು ತಾನೇ ತೆರೆಯಬಲ್ಲದು. ರಿಮೋಟಿನಿಂದ ಒಂದೊಂದೇ ಅಕ್ಷರವನ್ನು ಆರಿಸಿ ತುಂಬುವ ತಾಳ್ಮೆ ನಮಗಿರಬೇಕಷ್ಟೆ. ಕ್ರೋಮ್‌ಕಾಸ್ಟಿನ ಮೊದಲ ಮಾದರಿಗಳಿಗೆ ಈ ಶಕ್ತಿಯಿರಲಿಲ್ಲ.

ಪುಟ ತೆರೆಯಲಾಗದ ಉಪಕರಣಕ್ಕೆ ಇನ್ನೊಂದು ದಾರಿಯುಂಟು. ಪ್ರತಿಯೊಂದು ವೈಫೈ ಉಪಕರಣಕ್ಕೂ ಮ್ಯಾಕ್ ವಿಳಾಸವೆಂಬ ೪೮ ಬಿಟ್ಟಿನ ಸಂಖ್ಯೆಯಿರುತ್ತದೆ. ಎರಡನ್ನು ನಲವತ್ತೆಂಟು ಸಲ ಗುಣಿಸಿದರೆ ಸುಮಾರು ೨೮೧ ಲಕ್ಷ ಕೋಟಿಯಾಗುವುದರಿಂದ ಸಂಖ್ಯೆಗಳ ಕೊರತೆಯಿಲ್ಲ. ಕಾವಲಿನ ಯಂತ್ರವು ಯಾರನ್ನು ಒಳಗೆ ಬಿಡಬೇಕೆಂಬುದನ್ನು ಸಾಮಾನ್ಯವಾಗಿ ಈ ಸಂಖ್ಯೆಯಿಂದಲೇ ನೆನಪಿಡುತ್ತದೆ. ಸ್ಟಿಕ್ಕಿನ ಸೆಟ್ಟಿಂಗ್ಸ್ ಪುಟದಲ್ಲಿ ಕಾಣುವ ಈ ಸಂಖ್ಯೆಯನ್ನು ಬರೆದುಕೊಂಡು ಕಚೇರಿಗೆ ಕೊಟ್ಟರೆ, ಅವರು ಅದನ್ನು ಯಂತ್ರದ ಪಟ್ಟಿಗೆ ನೇರವಾಗಿ ಸೇರಿಸಬಲ್ಲರು.

ನೆರೆಯವರ ನಡುವಣ ಗೋಡೆ

ಬಾಗಿಲನ್ನು ದಾಟಿದ ಮೇಲೂ ಒಂದು ಅಡ್ಡಿ ಉಳಿಯುತ್ತದೆ. ಮೊಬೈಲಿನಿಂದ ಕ್ರೋಮ್‌ಕಾಸ್ಟಿಗೆ ಚಿತ್ರ ಕಳಿಸುವಾಗ ನಿಜವಾಗಿ ಮೊಬೈಲು ಚಿತ್ರವನ್ನು ಕಳಿಸುವುದಿಲ್ಲ. ಯಾವ ಚಿತ್ರವನ್ನು ಎಲ್ಲಿಂದ ತರಬೇಕೆಂಬ ಆದೇಶವನ್ನಷ್ಟೇ ಕೊಡುತ್ತದೆ. ಆದೇಶ ಕೊಡುವುದಕ್ಕೆ ಮೊದಲು ಅದು, ಇಲ್ಲಿ ಯಾರಾದರೂ ಇದ್ದೀರಾ ಎಂದು ಜಾಲದಲ್ಲಿ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಹೀಗೆ ಕೂಗುವುದಕ್ಕೆಂದೇ ೨೨೪.೦.೦.೨೫೧ ಎಂಬ ವಿಳಾಸ ಗೊತ್ತಾಗಿದೆ. ಮನೆಯಲ್ಲಿ ಈ ಕೂಗಿಗೆ ಸ್ಟಿಕ್ಕು ಓಗೊಡುತ್ತದೆ. ರೆಸಾರ್ಟಿನ ಜಾಲವಾದರೋ ಒಬ್ಬ ಅತಿಥಿಯ ಕೂಗು ಮತ್ತೊಬ್ಬನ ಕಿವಿಗೆ ಬೀಳದಂತೆ ನಡುವೆ ಗೋಡೆ ಹಾಕಿರುತ್ತದೆ. ಮೊಬೈಲೂ ಸ್ಟಿಕ್ಕೂ ಒಬ್ಬರದೇ ಎಂಬುದು ಅದಕ್ಕೆ ತಿಳಿಯದು; ಅದರ ಲೆಕ್ಕದಲ್ಲಿ ಅವು ಇಬ್ಬರು ಅಪರಿಚಿತರು.

ಈ ಗೋಡೆಯನ್ನು ಶಪಿಸುವುದು ತರವಲ್ಲ. ಅದಿಲ್ಲದಿದ್ದರೆ ಪಕ್ಕದ ಕೋಣೆಯವರು ತಮ್ಮ ಚಿತ್ರವನ್ನು ನಮ್ಮ ತೆರೆಯ ಮೇಲೆ ಹಾಯಿಸಬಹುದು. ದುರುದ್ದೇಶವುಳ್ಳವನೊಬ್ಬ ನಮ್ಮ ಲ್ಯಾಪ್‌ಟಾಪಿನ ಕದವನ್ನೂ ತಟ್ಟಿ ನೋಡಬಹುದು. ಗೋಡೆಯನ್ನು ಉಳಿಸಿಕೊಂಡೇ ಸೌಕರ್ಯ ಕೊಡುವ ಉಪಾಯಗಳೂ ಬಂದಿವೆ. ೨೦೨೪ರಲ್ಲಿ ಅಮೆರಿಕದ ಕೆಲವು ಹೋಟೆಲುಗಳಲ್ಲಿ ಆಪಲ್ ಸಂಸ್ಥೆಯ ಏರ್‌ಪ್ಲೇ ಸೌಲಭ್ಯವನ್ನು ಅಳವಡಿಸಲಾಯಿತು. ಕೋಣೆಯ ತೆರೆಯ ಮೇಲೆ ಮೂಡುವ ಕ್ಯೂ.ಆರ್. ಕೋಡನ್ನು ಐಫೋನಿನಿಂದ ಓದಿಸಿದರೆ ಆ ಐಫೋನಿಗೂ ಆ ಒಂದು ತೆರೆಗೂ ಮಾತ್ರ ಸಂಬಂಧ ಕೂಡುತ್ತದೆ. ತೆರೆಯನ್ನು ಕಣ್ಣಾರೆ ಕಾಣಬಲ್ಲವನು ಆ ಕೋಣೆಯವನೇ ಎಂಬುದು ಇದರ ಸರಳ ತರ್ಕ.

ನಮ್ಮದೇ ಪುಟ್ಟ ಜಾಲ

ಇಂಥ ಸೌಲಭ್ಯವಿಲ್ಲದ ಕಡೆ ಪ್ರಯಾಣಿಕರು ಅಂಗೈ ಅಗಲದ ಟ್ರಾವೆಲ್ ರೂಟರನ್ನು ಒಯ್ಯುವುದುಂಟು. ಅದು ಒಂದು ಕೈಯಿಂದ ರೆಸಾರ್ಟಿನ ವೈಫೈಯನ್ನು ಹಿಡಿದು, ಇನ್ನೊಂದು ಕೈಯಿಂದ ನಮ್ಮ ಕೋಣೆಯಷ್ಟಕ್ಕೆ ಬೇರೊಂದು ಜಾಲವನ್ನು ಹರಡುತ್ತದೆ. ಮೊಬೈಲೂ ಸ್ಟಿಕ್ಕೂ ಈ ಒಳಜಾಲಕ್ಕೆ ಸೇರುತ್ತವೆ. ಮೊಬೈಲಿನಲ್ಲಿ ನೋಂದಣಿಯ ಪುಟವನ್ನು ಒಮ್ಮೆ ತುಂಬಿದರೆ ಸಾಕು. ಕಾವಲಿನ ಯಂತ್ರಕ್ಕೆ ಕಾಣಿಸುವುದು ರೂಟರಿನ ಒಂದೇ ವಿಳಾಸವಾದ ಕಾರಣ, ಅದರ ಹಿಂದಿರುವ ಎಲ್ಲ ಉಪಕರಣಗಳೂ ಆ ಒಂದೇ ಅನುಮತಿಯಲ್ಲಿ ಒಳಗೆ ಹೋಗುತ್ತವೆ. ಒಳಜಾಲದಲ್ಲಿ ಗೋಡೆಯಿಲ್ಲದಿರುವುದರಿಂದ ಮೊಬೈಲಿನ ಕೂಗು ಸ್ಟಿಕ್ಕಿಗೆ ಮುಟ್ಟುತ್ತದೆ. ಕೆಲವೆಡೆ ಇಂಥ ರೂಟರಿಗೆ ಅವಕಾಶವಿಲ್ಲದಿರಬಹುದು; ಮೊದಲೇ ವಿಚಾರಿಸುವುದು ಒಳ್ಳೆಯದು.

ಮೊಬೈಲಿನ ಹಾಟ್‌ಸ್ಪಾಟ್ ಮತ್ತೊಂದು ಉಪಾಯ. ಆದರೆ ಅದರ ವೆಚ್ಚವನ್ನು ಲೆಕ್ಕ ಹಾಕಿಕೊಳ್ಳಬೇಕು. ಸ್ಪಷ್ಟವಾದ ಎಚ್.ಡಿ. ಚಿತ್ರಕ್ಕೆ ಸೆಕೆಂಡಿಗೆ ೫ ಮೆಗಾಬಿಟ್ ಬೇಕೆಂದಿಟ್ಟುಕೊಳ್ಳೋಣ. ಗಂಟೆಗೆ ೩,೬೦೦ ಸೆಕೆಂಡು. ಒಟ್ಟು ೧೮,೦೦೦ ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟಾದುದರಿಂದ ಇದು ೨,೨೫೦ ಮೆಗಾಬೈಟ್. ಎರಡು ಗಂಟೆಯ ಚಲನಚಿತ್ರಕ್ಕೆ ನಾಲ್ಕೂವರೆ ಗಿಗಾಬೈಟ್ ಆಯಿತು. ದಿನಕ್ಕೆ ಎರಡು ಗಿಗಾಬೈಟಿನ ಮಿತಿಯುಳ್ಳವರ ಚಿತ್ರವು ಮಧ್ಯಂತರಕ್ಕೆ ಮೊದಲೇ ನಿಂತೀತು.

ಬಿಟ್ಟು ಹೊರಡುವ ಮುನ್ನ

ಇಷ್ಟೆಲ್ಲ ಪರಿಶ್ರಮದ ಬದಲು, ಕೋಣೆಯ ಟೆಲಿವಿಷನ್ನಿನಲ್ಲಿ ಮೊದಲೇ ಇರುವ ಆ್ಯಪುಗಳಿಗೆ ನಮ್ಮ ಖಾತೆಯ ಪಾಸ್‌ವರ್ಡನ್ನು ಕೊಟ್ಟರೆ ಆಗದೆ ಎಂದು ವಾಚಕರು ಕೇಳಬಹುದು. ಆಗುತ್ತದೆ, ಆದರೆ ಅಪಾಯವಿರುವುದು ಅಲ್ಲಿಯೇ. ಹಾಗೆ ಪ್ರವೇಶಿಸಿದ ಖಾತೆಯು ನಾವು ಹೊರಟ ಮೇಲೂ ಆ ಟೆಲಿವಿಷನ್ನಿನಲ್ಲಿ ತೆರೆದೇ ಉಳಿಯಬಹುದು. ಮುಂದೆ ಬಂದವರಿಗೆ ನಮ್ಮ ಹೆಸರು, ನೋಡಿದ ಚಿತ್ರಗಳ ಪಟ್ಟಿ, ಖಾತೆಗೆ ಹಣ ಪಾವತಿಯ ವ್ಯವಸ್ಥೆ ಹೊಂದಿಕೊಂಡಿದ್ದರೆ ಬಾಡಿಗೆಗೆ ಚಿತ್ರ ಕೊಳ್ಳುವ ಅವಕಾಶ ಎಲ್ಲವೂ ದೊರೆತಾವು. ನಮ್ಮದೇ ಸ್ಟಿಕ್ಕನ್ನು ಒಯ್ಯುವುದರ ದೊಡ್ಡ ಲಾಭವೆಂದರೆ ಅದನ್ನು ಕಿತ್ತು ಚೀಲಕ್ಕೆ ಹಾಕಿದೊಡನೆ ಖಾತೆಯೂ ನಮ್ಮೊಡನೆ ಬರುತ್ತದೆ. ಸ್ಟಿಕ್ಕನ್ನೇ ಮರೆತು ಬಂದರೆ ಅಥವಾ ಪರರ ಟೆಲಿವಿಷನ್ನಿನಲ್ಲಿ ಖಾತೆ ತೆರೆದಿದ್ದರೆ, ಮೊಬೈಲಿನಿಂದಲೇ ಖಾತೆಯ ಪುಟಕ್ಕೆ ಹೋಗಿ ಆ ಉಪಕರಣವನ್ನು ಹೊರಹಾಕಬೇಕು, ಪಾಸ್‌ವರ್ಡನ್ನೂ ಬದಲಾಯಿಸಬೇಕು.

ಇನ್ನೊಂದು ಎಚ್ಚರಿಕೆ. ವೈಫೈ ಜಾಲಕ್ಕೆ ಯಾವ ಹೆಸರನ್ನಾದರೂ ಇಡಬಹುದು. ರೆಸಾರ್ಟಿನ ಹೆಸರನ್ನೇ ಇಟ್ಟು ಬೇರೊಬ್ಬನು ಬಲೆ ಬೀಸಲೂಬಹುದು. ಸರಿಯಾದ ಹೆಸರನ್ನು ಕಚೇರಿಯಲ್ಲಿ ಕೇಳಿ ತಿಳಿಯಬೇಕು. ನೋಂದಣಿಯ ಪುಟವು ಮೊಬೈಲ್ ಸಂಖ್ಯೆಯನ್ನೂ ಕೋಣೆಯ ಸಂಖ್ಯೆಯನ್ನೂ ಕೇಳುವುದು ಸಹಜ. ಇಮೇಲಿನ ಪಾಸ್‌ವರ್ಡನ್ನೋ ಬ್ಯಾಂಕಿನ ವಿವರವನ್ನೋ ಕೇಳಿದರೆ ಅಲ್ಲಿಗೇ ನಿಲ್ಲಿಸತಕ್ಕದ್ದು. ಓ.ಟಿ.ಪಿ.ಯ ಸಂದೇಶದಲ್ಲಿ ಅದು ಯಾವ ಕಾರ್ಯಕ್ಕೆಂದು ಬರೆದಿರುತ್ತದೆ. ಅಂಕಿಗಳಿಗೆ ಮೊದಲು ಆ ಮಾತನ್ನು ಓದಬೇಕು.

ಹೀಗೆ, ಕೋಣೆಯಲ್ಲಿ ಚಿತ್ರ ಮೂಡದಿದ್ದಾಗ ವಿಚಾರಿಸಬೇಕಾದ ಪ್ರಶ್ನೆಗಳು ಮೂರು: ತಂತಿಯ ಮೂಲಕ ಚಿತ್ರವೂ ವಿದ್ಯುತ್ತೂ ಸರಿಯಾಗಿ ಬರುತ್ತಿವೆಯೆ? ಬಾಗಿಲ ಕಾವಲಿನಲ್ಲಿ ಸ್ಟಿಕ್ಕಿನ ಹೆಸರು ದಾಖಲಾಗಿದೆಯೆ? ಮೊಬೈಲಿಗೂ ಸ್ಟಿಕ್ಕಿಗೂ ನಡುವೆ ಗೋಡೆಯಿದೆಯೆ? ಈ ಕ್ರಮದಲ್ಲಿ ನೋಡುತ್ತ ಬಂದರೆ ತೊಡಕು ಎಲ್ಲಿದೆಯೆಂಬುದು ಬೇಗನೆ ಗೊತ್ತಾಗುತ್ತದೆ. ಕಾಲೇಜಿನ ವಿದ್ಯಾರ್ಥಿನಿಲಯಗಳ ಜಾಲಗಳಲ್ಲಿಯೂ ಇಂಥ ಕಾವಲು, ಇಂಥ ಗೋಡೆಗಳು ಇರುವುದರಿಂದ, ನಮ್ಮ ವಿದ್ಯಾರ್ಥಿ ವಾಚಕರು ಇವನ್ನು ಪರೀಕ್ಷಿಸಿ ನೋಡಲು ರಜೆಯ ದಿನಗಳವರೆಗೆ ಕಾಯಬೇಕಾಗಿಲ್ಲ.