ವೈರಸ್ ಸಿಕ್ಕಿತೆಂದು ಹುಡುಕಾಟ ನಿಲ್ಲದಿರಲಿ

ದಾವಣಗೆರೆ ಆಸ್ಪತ್ರೆಗಳ ಊರು. ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, 1965ರಿಂದ ನಡೆಯುತ್ತಿರುವ ಜೆಜೆಎಂ ವೈದ್ಯಕೀಯ ಕಾಲೇಜು, ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ ಎಲ್ಲವೂ ಇಲ್ಲಿವೆ. ಹರಿಹರದವರಿಗೆ ಇವೆಲ್ಲ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಗರ್ಭಿಣಿಯರಿಗೆ, ಶಸ್ತ್ರಚಿಕಿತ್ಸೆಗೆ ಬಂದವರಿಗೆ, ರಕ್ತದಾನಿಗಳಿಗೆ ಮಾಡುವ ಪರೀಕ್ಷೆಯಲ್ಲೇ ಹಲವೊಮ್ಮೆ ಹೆಪಟೈಟಿಸ್ ಬಿ ಅಥವಾ ಸಿ ಹೊರಬೀಳುತ್ತದೆ. ತೊಡಕು ಶುರುವಾಗುವುದು ಆಮೇಲೆ. ರಿಪೋರ್ಟಿನಲ್ಲಿ ‘ಪಾಸಿಟಿವ್’ ಎಂದು ಕಂಡದ್ದೇ ತಡ, ಲಿವರಿನ ಸಕಲ ದೋಷವನ್ನೂ ವೈರಸ್ಸಿನ ತಲೆಗೆ ಕಟ್ಟಿ ಹುಡುಕಾಟ ಮುಗಿಸುವ ಅಪಾಯವಿದೆ. ಒಂದೇ ಲಿವರಿನಲ್ಲಿ ಎರಡು ಮೂರು ಕಾಯಿಲೆಗಳು ಒಟ್ಟಿಗೆ ಬೇರುಬಿಡಬಲ್ಲವು. ವೈರಸ್ ಇರುವವರಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ, ಮದ್ಯದ ಹಾನಿಯನ್ನು ಹುಡುಕಬೇಕು. ಫ್ಯಾಟಿ ಲಿವರ್ ಎಂದು ಹೇಳಿಸಿಕೊಂಡವರಿಗೂ ಬಿ ಮತ್ತು ಸಿ ಪರೀಕ್ಷೆ ಆಗಲೇಬೇಕು.

ಇದು ಎಲ್ಲೋ ಕೆಲವರ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ, 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಇದ್ದವರು ಸುಮಾರು 2.98 ಕೋಟಿ, ಸಿ ಇದ್ದವರು 55 ಲಕ್ಷ. ಇನ್ನೊಂದೆಡೆ, ದೇಶದ ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚಿನವರಿಗೆ ಲಿವರಿನಲ್ಲಿ ಕೊಬ್ಬು ತುಂಬಿದೆ ಎಂದು ಅಧ್ಯಯನಗಳ ಅಂದಾಜು. ಬಿ ಲಸಿಕೆ ದೇಶದೆಲ್ಲೆಡೆ ಮಕ್ಕಳ ಲಸಿಕಾ ಪಟ್ಟಿಗೆ ಸೇರಿದ್ದು 2011ರಲ್ಲಿ. ಹುಟ್ಟುವಾಗ ತಾಯಿಯಿಂದ ವೈರಸ್ ಪಡೆದ ಹಿಂದಿನ ತಲೆಮಾರು ಈಗ ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಬರುವ ನಡುವಯಸ್ಸಿನಲ್ಲಿದೆ. ಈ ಬೊಜ್ಜಿಗೆ ಬೆಣ್ಣೆ ದೋಸೆಯೊಂದನ್ನೇ ದೂರುವುದು ನ್ಯಾಯವಲ್ಲ. ಮೂರು ಹೊತ್ತೂ ಅನ್ನ, ಕೂತಲ್ಲೇ ಕೆಲಸ, ಕಡಿಮೆಯಾದ ನಡಿಗೆ ಎಲ್ಲವೂ ಸೇರಿವೆ. ತೂಕ ಹೆಚ್ಚಿಲ್ಲದವರಿಗೂ ಹೊಟ್ಟೆಯ ಸುತ್ತ ಕೊಬ್ಬು ಕೂರುವುದು ನಮ್ಮ ಜನರ ಮೈಕಟ್ಟಿನ ಲಕ್ಷಣ.

ಎರಡು ಕಾಯಿಲೆ ಕೂಡಿದಾಗ ಹಾನಿಯೂ ಕೂಡುತ್ತದೆ. ಉರಿಯೂತ ಯಾವುದರಿಂದ ಬಂದರೂ ಲಿವರ್ ಅದನ್ನು ನಾರಿನಂಥ ಕಲೆಗಳಿಂದಲೇ ಮುಚ್ಚುತ್ತದೆ. ಕಲೆ ಬೆಳೆದು ಸಿರೋಸಿಸ್ ಆಗುತ್ತದೆ. ಹೆಪಟೈಟಿಸ್ ಸಿ ಇರುವವರು ಕುಡಿತ ಮುಂದುವರಿಸಿದರೆ ಆ ಹಂತವನ್ನು ಬೇಗ ಮುಟ್ಟುತ್ತಾರೆ. ಭಾರತದಲ್ಲಿ ಹೆಚ್ಚು ಕಾಣುವ ಸಿ ವೈರಸ್ಸಿನ ಮೂರನೇ ತಳಿ ತಾನೇ ಲಿವರಿನಲ್ಲಿ ಕೊಬ್ಬು ತುಂಬಿಸುತ್ತದೆ. ಕೊಬ್ಬಿರುವ ಲಿವರಿನಲ್ಲಿ ಬಿ ವೈರಸ್ಸಿನ ಪ್ರಮಾಣ ಕಡಿಮೆ ಇರುವುದನ್ನು ಕೆಲವು ಅಧ್ಯಯನಗಳು ಕಂಡಿವೆ, ಹಾಗಿದ್ದರೆ ಭಯವೇಕೆ ಎಂದು ಕೇಳಬಹುದು. ವೈರಸ್ ಕಡಿಮೆಯಾದ ಮಾತ್ರಕ್ಕೆ ಕಲೆ ಕಡಿಮೆಯಾಗುವುದಿಲ್ಲ. ಬಿ ಜೊತೆ ಸಕ್ಕರೆ ಕಾಯಿಲೆ ಸೇರಿದರೆ ಲಿವರ್ ಕ್ಯಾನ್ಸರಿನ ಅಪಾಯ ಏರುತ್ತದೆ.

ಬಡವರ ಮೇಲೆ ಪರೀಕ್ಷೆಗಳ ಹೊರೆ ಹೇರಬೇಡಿ ಎಂಬ ಆಕ್ಷೇಪ ತೂಕದ್ದು. ಆದರೆ ಮೊದಲ ಹೆಜ್ಜೆಗೆ ದುಬಾರಿ ಯಂತ್ರ ಬೇಡ. ವಯಸ್ಸು, ಲಿವರ್ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್ ಎಣಿಕೆ ಇಷ್ಟರಿಂದಲೇ ಲಿವರಿನ ಕಲೆಯನ್ನು ಅಂದಾಜಿಸುವ ‘ಫಿಬ್-4’ ಲೆಕ್ಕ ಹಾಕಿ, ಯಾರ ಲಿವರನ್ನು ಮುಂದೆ ಪರೀಕ್ಷಿಸಬೇಕು ಎಂದು ಆರಿಸಬಹುದು. ಬಿ, ಸಿ ಪರೀಕ್ಷೆ ಮತ್ತು ಔಷಧಿಯನ್ನು 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಉಚಿತವಾಗಿ ಕೊಡುತ್ತದೆ. ಸಿ ಗುಣವಾಗುತ್ತದಲ್ಲ, ಮತ್ತೇನು ಎಂಬುದು ಇನ್ನೊಂದು ಮಾತು. ಸಾಮಾನ್ಯವಾಗಿ 12 ವಾರಗಳ ಮಾತ್ರೆಯಿಂದ ನೂರಕ್ಕೆ 95ರಷ್ಟು ಜನರಲ್ಲಿ ವೈರಸ್ ಅಳಿಯುವುದು ನಿಜ. ಸಿರೋಸಿಸ್ ಆಗಿದ್ದರೆ ಕ್ಯಾನ್ಸರಿನ ಅಪಾಯ ಮಾತ್ರ ಉಳಿದೇ ಇರುತ್ತದೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪದು. ಸಿ ಔಷಧಿ ಶುರುವಾದ ಮೇಲೆ ಅಡಗಿದ್ದ ಬಿ ಮತ್ತೆ ಕೆರಳಬಹುದೆಂದು ಅಮೆರಿಕದ ಔಷಧ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ.

ಕಾಮಾಲೆಗೆ ನಾಟಿ ಔಷಧಿ ಸಾಕೆಂಬ ನಂಬಿಕೆಯನ್ನೂ ಗೌರವದಿಂದಲೇ ಪರಿಶೀಲಿಸಬೇಕು. ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ಬಹುತೇಕ ತಾವಾಗಿಯೇ ವಾಸಿಯಾಗುತ್ತವೆ. ಕೀರ್ತಿ ಮಾತ್ರ ಸೊಪ್ಪಿಗೆ ಸಲ್ಲುತ್ತದೆ. ನೆಲನೆಲ್ಲಿ ಹೆಪಟೈಟಿಸ್ ಬಿ ವೈರಸ್ಸನ್ನು ತೊಲಗಿಸುತ್ತದೆಂಬ ಭರವಸೆಯ ಫಲಿತಾಂಶ 1988ರಲ್ಲಿ ಮದ್ರಾಸಿನಿಂದ ಬಂದಿತ್ತು. ಬೇರೆಡೆ ನಡೆದ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. ಮೊದಲೇ ಹಾನಿಯಾದ ಲಿವರಿಗೆ ಎ ಅಥವಾ ಇ ಸೋಂಕು ತಗುಲಿದರೆ ಅದು ಸಾಮಾನ್ಯ ಕಾಮಾಲೆಯಾಗಿ ಉಳಿಯದೆ ಜೀವಕ್ಕೇ ಎರವಾಗಬಹುದು. ಅಂಥವರು ನಾಟಿ ಔಷಧಿಯಲ್ಲಿ ಕಳೆದುಕೊಂಡ ವಾರ ಮರಳಿ ಬಾರದು.

ಫ್ಯಾಟಿ ಲಿವರನ್ನು ಕೇಂದ್ರ ಸರ್ಕಾರ 2021ರಲ್ಲಿ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮಕ್ಕೆ ಸೇರಿಸಿದೆ. ಹೆಪಟೈಟಿಸ್ಸಿಗೆ ಒಂದು ಕಾರ್ಯಕ್ರಮ, ಕೊಬ್ಬಿಗೆ ಇನ್ನೊಂದು. ರೋಗಿಯ ಲಿವರ್ ಮಾತ್ರ ಒಂದೇ. ಜಿಲ್ಲಾ ಆಸ್ಪತ್ರೆಯಲ್ಲೂ ಹರಿಹರದ ತಾಲ್ಲೂಕು ಆಸ್ಪತ್ರೆಯಲ್ಲೂ ಈ ಎರಡೂ ಒಂದೇ ಚೀಟಿಯಲ್ಲಿ ಸೇರಬೇಕು: ವೈರಸ್, ಸಕ್ಕರೆ, ಸೊಂಟದ ಸುತ್ತಳತೆ, ಫಿಬ್-4, ಕುಡಿತ, ತೆಗೆದುಕೊಳ್ಳುತ್ತಿರುವ ಔಷಧಿ. ಕುಡಿತದ ಪ್ರಶ್ನೆಯನ್ನು ಬೈಯದೆ ಕೇಳಿದರೆ ಉತ್ತರವೂ ಮುಚ್ಚುಮರೆಯಿಲ್ಲದೆ ಬಂದೀತು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಇರುವ ವೈದ್ಯರು ಇನ್ನೂ ಐದು ನಿಮಿಷ ಕೊಡಲು, ರೋಗಿಗಳು ‘ಬೇರೇನಾದರೂ ಇದೆಯಾ ಡಾಕ್ಟ್ರೇ?’ ಎಂದು ಕೇಳಲು ಅವಕಾಶವಾದರೆ ಸಾಕು.