ಅಟ್ಟೆ ಕಟ್ಟಿದ ಮೇಲೆ ಅಡುಗೆ

ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಶಿರ್ವದ ಕಡೆಗೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಶಂಕರಪುರ. ಮಲ್ಲಿಗೆಯ ಸೀಸನ್ನಿನಲ್ಲಿ ಈ ಊರಿನ ಮನೆಗಳಿಗೆ ಬೆಳಗ್ಗೆ ಹತ್ತರ ಮೊದಲು ನೆಂಟರಾಗಿ ಹೋಗಬಾರದು. ಹೋದರೆ ಚಾ ಸಿಗುತ್ತದೆ, ಮಾತು ಸಿಗುವುದಿಲ್ಲ. ಜಗಲಿಯಲ್ಲಿ ಅಜ್ಜಿ, ಸೊಸೆ, ರಜೆಯಿದ್ದರೆ ಮೊಮ್ಮಗಳು, ಮೂವರೂ ತಲೆ ಬಗ್ಗಿಸಿ ಕೂತಿರುತ್ತಾರೆ. ನಡುವೆ ತಡ್ಪೆಯ (ಮೊರದ) ತುಂಬ ಬಿಳಿ ಮೊಗ್ಗು, ಪಕ್ಕದಲ್ಲಿ ನೀರಿನಲ್ಲಿ ನೆನೆದ ಬಾಳೆನಾರು. ನೀವು ಕೇಳಿದ್ದಕ್ಕೆಲ್ಲ ‘ಹೌದಾ’, ‘ಅಲ್ವಾ’ ಎಂಬ ಉತ್ತರ ಬರುತ್ತದೆ. ಬೆರಳು ಮಾತ್ರ ನಿಲ್ಲುವುದಿಲ್ಲ.

ನಿಲ್ಲುವಂತೆಯೂ ಇಲ್ಲ. ಈ ಮಲ್ಲಿಗೆ ಅರಳುವುದು ಸಂಜೆಗೆ. ಬಿಸಿಲೇರುವ ಮೊದಲೇ ಗಿಡದಿಂದ ಮೊಗ್ಗು ಬಿಡಿಸಿ, ಪೂರ್ವಾಹ್ನದೊಳಗೆ ಕಟ್ಟಿ ಕೊಟ್ಟರೆ ಮಾತ್ರ ಅದು ಉಡುಪಿಯ ರಥಬೀದಿಗೋ ಮಂಗಳೂರಿನ ಮದುವೆ ಹಾಲಿಗೋ ತಲುಪಿ, ಯಾರದೋ ಮುಡಿಯಲ್ಲಿ ಹೊತ್ತಿಗೆ ಸರಿಯಾಗಿ ಅರಳೀತು. ಲೆಕ್ಕವೂ ಬಿಗಿಯಾದದ್ದೇ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಮೊಗ್ಗು. ಗಂಟಿಗೆ ನಾಲ್ಕು ಮೊಗ್ಗೆಂದು ಹಿಡಿದರೂ 800 ಗಂಟು. ಅಷ್ಟೂ ಗಂಟು ಒಂದೇ ಬಿಗಿಯಲ್ಲಿ ಬರಬೇಕು. ಸಡಿಲವಾದರೆ ಮಾಲೆ ಎತ್ತಿದೊಡನೆ ಮೊಗ್ಗು ಉದುರುತ್ತದೆ, ಜಾಸ್ತಿ ಎಳೆದರೆ ತೊಟ್ಟು ಮುರಿಯುತ್ತದೆ. ಇದನ್ನು ಯಾವ ಶಾಲೆಯೂ ಕಲಿಸಿಲ್ಲ. ಅಮ್ಮನ ಪಕ್ಕ ಕೂತು ಹಾಳಾದ ಮೊಗ್ಗುಗಳಲ್ಲಿ ಕಟ್ಟಿ ಬಿಚ್ಚಿ ಕಲಿತದ್ದು.

ಭಾನುವಾರದ ಪುರವಣಿಗಳಲ್ಲಿ ಗೃಹಿಣಿಯರ ಕಲೆಯ ಬಗ್ಗೆ ಬರೆಯುವಾಗ ‘ಬಿಡುವಿನ ವೇಳೆಯಲ್ಲಿ’ ಎಂಬ ಮಾತು ತಪ್ಪದೆ ಬರುತ್ತದೆ. ಬಿಡುವಿದ್ದಾಗ ಕಸೂತಿ, ಬಿಡುವಿದ್ದಾಗ ಹೊಸ ರುಚಿ. ಶಂಕರಪುರದ ಜಗಲಿಯಲ್ಲಿ ಈ ಮಾತು ಸಲ್ಲುವುದಿಲ್ಲ. ಇಲ್ಲಿ ಕೈಕೆಲಸಕ್ಕೆ ಗಡಿಯಾರವಿದೆ, ದರವಿದೆ, ಕಾಯುವ ಏಜೆಂಟನಿದ್ದಾನೆ. ಬಿಡುವಾದಾಗ ನಡೆಯುವುದು ಅಡುಗೆ. ಅಡುಗೆಮನೆಯೇ ಹೂವಿನ ವೇಳಾಪಟ್ಟಿಗೆ ಹೊಂದಿಕೊಂಡಿದೆ. ಈ ಊರಿನ ರುಚಿ ಗೊತ್ತಾಗಬೇಕಾದರೆ ಅಲ್ಲಿಂದಲೇ ಶುರುಮಾಡಬೇಕು.

ಕುಚ್ಚಿಲಕ್ಕಿಯನ್ನೇ ನೋಡಿ. ಬೆಳ್ತಿಗೆ ಅಕ್ಕಿಯಂತೆ ಅದು ಬೇಗ ಬೇಯುವುದಿಲ್ಲ, ಗಂಟೆಗಟ್ಟಲೆ ಕುದಿಯಬೇಕು. ಹೊರಗಿನವರಿಗೆ ಅದೊಂದು ರಗಳೆ. ಹೂ ಕಟ್ಟುವವರಿಗೆ ಅದರಷ್ಟು ಒಳ್ಳೆಯ ಅಕ್ಕಿ ಬೇರೆಯಿಲ್ಲ. ಒಲೆಗೆ ತೆಂಗಿನ ಮಡಲು, ಕೊತ್ತಳಿಗೆ ತುರುಕಿ ಪಾತ್ರೆ ಇಟ್ಟರೆ ಮತ್ತೆ ಅದರ ಗೊಡವೆ ಬೇಡ. ಒಂದು ಚೆಂಡು ಮುಗಿದಾಗ ಎದ್ದು ಬೆಂಕಿ ಮುಂದೆ ದೂಡಿದರಾಯಿತು. ಗ್ಯಾಸ್ ಬಂದ ಮೇಲೆ, ಒಂದು ಕುದಿ ಬರಿಸಿ ಬಿಸಿ ಹಿಡಿಯುವ ಡಬ್ಬಿಯೊಳಗೆ ಇಟ್ಟುಬಿಟ್ಟರೆ ತಾನೇ ಬೇಯುವ ಪಾತ್ರೆಯೂ ಅನೇಕ ಮನೆಗಳಿಗೆ ಬಂದಿದೆ. ಬೆಳಗ್ಗಿನ ತಿಂಡಿಯೆಂದರೆ ಗಂಜಿ, ಉಪ್ಪಿನಕಾಯಿ, ಸುಟ್ಟ ಒಣಮೀನು ಅಥವಾ ಹುರುಳಿ ಚಟ್ನಿ. ನೀರುದೋಸೆ ಹೊಯ್ಯುವುದು ಹೂ ಕಡಿಮೆಯಿದ್ದ ದಿನ. ದೋಸೆಗೆ ಕಾವಲಿಯ ಮುಂದೆ ಒಬ್ಬರು ನಿಂತೇ ಇರಬೇಕು, ನಿಲ್ಲುವವರು ಯಾರಿದ್ದಾರೆ?

ಮೀನಿನ ಗಾಡಿಯೂ ಇದೇ ಹೊತ್ತಿಗೆ ಬರುತ್ತದೆ. ಹೂವಿನ ಕೈಯಲ್ಲಿ ಮೀನು ಮುಟ್ಟುವಂತಿಲ್ಲ, ಅದರಲ್ಲೂ ದೇವರಿಗೋ ದೈವಕ್ಕೋ ಹೋಗುವ ಹೂವಾದರೆ. ಆದ್ದರಿಂದ ಬಂಗುಡೆಯೋ ಬೂತಾಯಿಯೋ ಪಾತ್ರೆಗೆ ಹಾಕಿಸಿಕೊಂಡು ಮುಚ್ಚಿಡುವುದು, ಅಟ್ಟೆ ಕೊಟ್ಟ ಮೇಲೆ ಶುಚಿ ಮಾಡುವುದು. ಮೀನು ತೊಳೆದ ನೀರು, ಅಕ್ಕಿ ತೊಳೆದ ನೀರು ಯಾವುದೂ ಚರಂಡಿಗೆ ಹೋಗುವುದಿಲ್ಲ. ಹಟ್ಟಿಗೊಬ್ಬರ, ಸುಡುಮಣ್ಣು, ನೆಲಗಡಲೆ ಹಿಂಡಿಯ ಜೊತೆ ಅದೂ ಮಲ್ಲಿಗೆಯ ಬುಡಕ್ಕೆ.

ಅಡುಗೆಮನೆಯ ಹಿಂದಿನ ಬಾಳೆಯದ್ದು ಇನ್ನೂ ಚಂದದ ಕಥೆ. ಗೊನೆ ಕಡಿದ ಬಾಳೆಯ ದಂಡಿನ ಹೊರಪದರಗಳನ್ನು ಬಿಡಿಸಿ ಒಣಗಿಸಿ ಸೀಳಿದರೆ ಹೂ ಕಟ್ಟುವ ನಾರು. ಒಳಗಿನ ಬೆಳ್ಳನೆಯ ದಿಂಡು ಪಲ್ಯಕ್ಕೆ, ಇಲ್ಲವೇ ಸಣ್ಣಗೆ ಹೆಚ್ಚಿ ಮೊಸರಿನ ಸಾಸಿವೆಗೆ. ಪೂಂಬೆ, ಅಂದರೆ ಬಾಳೆಯ ಹೂ, ಚಟ್ನಿಗೆ. ಎಲೆ ಊಟಕ್ಕೆ, ಕಟ್ಟಿದ ಮಲ್ಲಿಗೆಯನ್ನು ಸುತ್ತಿ ಕಳಿಸಲಿಕ್ಕೆ. ನೂಲಿನಲ್ಲಿ ಕಟ್ಟಿದರೆ ಬೇಗ ಕಟ್ಟಬಹುದು. ಆದರೆ ನೆನೆದ ನಾರು ತೇವ ಹಿಡಿದು ಹೂವನ್ನು ತಂಪಾಗಿಡುತ್ತದೆ, ಎಳೆಯ ತೊಟ್ಟನ್ನು ಕತ್ತರಿಸುವುದಿಲ್ಲ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗಳಂತೆ ಇಲ್ಲಿಯ ಹೂವಿಗೂ ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದರಲ್ಲಿ ಮಣ್ಣಿಗೆ ಎಷ್ಟು ಪಾಲು, ಈ ನಾರಿಗೂ ಬೆರಳಿಗೂ ಎಷ್ಟು ಪಾಲು ಎಂದು ಯಾರೂ ಅಳೆದಿಲ್ಲ. ನನ್ನನ್ನು ಕೇಳಿದರೆ ಬೆರಳಿಗೆ ದೊಡ್ಡ ಪಾಲೇ ಸಲ್ಲಬೇಕು.

“ಅಕ್ಕಾ, ಇವತ್ತು ಅಟ್ಟೆಗೆ ಎಷ್ಟಂತೆ?” ಬೇಲಿಯಾಚೆಯಿಂದ ಈ ಪ್ರಶ್ನೆ ಬಂತೆಂದರೆ ಕೆಲಸ ಮುಗಿಯುತ್ತ ಬಂತು ಎಂದರ್ಥ. ದರ ದಿನದಿನಕ್ಕೂ ಶಂಕರಪುರದ ಕಟ್ಟೆಯಲ್ಲೇ ಗೊತ್ತಾಗುವುದು. ಹಿಂದೆ ಬಾಯಿಂದ ಬಾಯಿಗೆ ಬರುತ್ತಿತ್ತು, ಈಗ ವಾಟ್ಸ್ಯಾಪ್‌ನಲ್ಲಿ ಬರುತ್ತದೆ. ಮದುವೆ, ನಾಗಮಂಡಲ, ದೈವದ ನೇಮಗಳು ಒಟ್ಟೊಟ್ಟಿಗೆ ಬಿದ್ದು ಹೂ ಕಡಿಮೆಯಾದ ದಿನ ಅಟ್ಟೆಗೆ ಎರಡು ಸಾವಿರ ರೂಪಾಯಿ ದಾಟಿದ್ದುಂಟು. ಬೇಸಿಗೆಯಲ್ಲಿ ಗಿಡ ತುಂಬಿ ಸುರಿದಾಗ ಕೈಗೆ ನಾರಿನ ಖರ್ಚು ಮಾತ್ರ ಹುಟ್ಟಿದ್ದೂ ಉಂಟು. 2020ರ ಲಾಕ್‌ಡೌನಿನಲ್ಲಿ ದೇವಸ್ಥಾನ ಮುಚ್ಚಿ, ಮದುವೆಗಳು ಮುಂದೆ ಹೋಗಿ, ಹೂವಿಗೆ ಕೇಳುವವರೇ ಇಲ್ಲದಾಯಿತು. ಕೊಯ್ಯದೆ ಬಿಟ್ಟರೆ ಗಿಡಕ್ಕೆ ಕೇಡು, ಕೊಯ್ದರೆ ಕೊಳ್ಳುವವರಿಲ್ಲ ಎಂಬ ಸ್ಥಿತಿ.

ಆದರೂ ಈ ದುಡ್ಡಿನ ಗುಣವೇ ಬೇರೆ. ಗದ್ದೆಯ ದುಡ್ಡು ವರ್ಷಕ್ಕೊಮ್ಮೆ, ಮುಂಬೈಯಿಂದಲೋ ಗಲ್ಫಿನಿಂದಲೋ ಬರುವ ದುಡ್ಡು ತಿಂಗಳಿಗೊಮ್ಮೆ. ಹೂವಿನದು ದಿನದ ಲೆಕ್ಕ, ಅದೂ ಹೆಂಗಸರ ಕೈಯ ಲೆಕ್ಕ. ಮಗಳ ಕಾಲೇಜಿನ ಫೀಸು, ಮಿಕ್ಸಿ, ಚಿನ್ನದ ಚೀಟಿಯ ಕಂತು ಇದರಿಂದಲೇ. ಇಂಥ ಚಿಲ್ಲರೆ ದುಡ್ಡಿನ ಬೆಲೆ ಈ ಸೀಮೆಗೆ ಮೊದಲೇ ತಿಳಿದಿತ್ತು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದಾಗ 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟ್ ಮನೆಬಾಗಿಲಿಗೇ ಬಂದು ದಿನಕ್ಕೆ 2 ಆಣೆ ಒಯ್ಯುವ ಏರ್ಪಾಡು. ಮನೆಯೊಳಗಿನ ಕೈಕೆಲಸಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವ ಬ್ಯಾಂಕಿಂಗ್ ಇರಲಿಕ್ಕಿಲ್ಲ. ಬೀಡಿ ಕಟ್ಟುವ ಮನೆಗಳಲ್ಲೂ ಇದೇ ಲೆಕ್ಕ ನಡೆದುಬಂತು. ಮಡಿಲ ಮೇಲಿನ ತಡ್ಪೆಯಲ್ಲಿ ಬೀಡಿ ಎಲೆ ಇಟ್ಟುಕೊಂಡು ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ತಾಯಂದಿರ ಒಂದು ತಲೆಮಾರೇ ಇಲ್ಲಿದೆ. ಬೀಡಿಯ ಹೊಗೆಸೊಪ್ಪು ಕೆಮ್ಮು ಕೊಟ್ಟಿತು, ಮಲ್ಲಿಗೆ ಅದನ್ನು ಕೊಡಲಿಲ್ಲ. ಕತ್ತುನೋವು, ಸೊಂಟನೋವು ಮಾತ್ರ ಎರಡರಲ್ಲೂ ಒಂದೇ.

ಮಳೆ ಹಿಡಿದ ಮೇಲೆ ಮನೆಯ ಚಹರೆ ಬದಲಾಗುತ್ತದೆ. ಜಡಿಮಳೆಗೆ ಮೊಗ್ಗು ಕೊಳೆಯುತ್ತದೆ, ಇಳುವರಿ ಬೀಳುತ್ತದೆ. ಜುಲೈ ನಡುವಿಗೆ ಶುರುವಾಗುವ ಆಟಿ ತಿಂಗಳಲ್ಲಿ ಮದುವೆ ಮುಂಜಿಗಳೂ ಇಲ್ಲ. ಕಾಪುವಿನ ಮಾರಿಗುಡಿಯ ಆಟಿ ಮಾರಿಪೂಜೆಗೆ ಹೂ ಬೇಕು, ಅದು ಬಿಟ್ಟರೆ ಬೇಡಿಕೆ ಅಷ್ಟಕ್ಕಷ್ಟೆ. ವರ್ಷವಿಡೀ ದುಡಿದ ಬೆರಳುಗಳಿಗೆ ಆಗ ಕೆಲಸವಿಲ್ಲ. ಅವು ಸುಮ್ಮನಿರುತ್ತವೆಯೇ? ತುಳುನಾಡಿನ ಅತಿ ಕುಸುರಿಯ ಅಡುಗೆಗಳೆಲ್ಲ ಆಟಿ ಮತ್ತು ಅದರ ಮುಂದಿನ ಸೋಣ ತಿಂಗಳಿನವೇ ಆಗಿರುವುದು ಆಕಸ್ಮಿಕವಲ್ಲ ಎನ್ನುವುದು ನನ್ನ ಗುಮಾನಿ. ಗದ್ದೆಯ ನಾಟಿ ಮುಗಿದು, ಹೂ ಇಲ್ಲದೆ, ಹೊರಗೆ ಕಾಲಿಡಲಾಗದ ದಿನಗಳ ಅಡುಗೆ ಅದು. ಪೇಟೆಯಿಂದ ತರುವುದು ಕಡಿಮೆ, ಕೈಯ ಕೆಲಸ ಜಾಸ್ತಿ.

ಪತ್ರೊಡೆಯನ್ನೇ ತೆಗೆದುಕೊಳ್ಳಿ. ಕೆಸುವಿನ ಎಲೆ ಬಿಟ್ಟಿ ಸಿಗುತ್ತದೆ. ಎಲೆಯ ಬೆನ್ನಿನ ದಪ್ಪ ನರ ಕೆತ್ತಿ ತೆಗೆದು, ಅಕ್ಕಿ, ತೆಂಗಿನಕಾಯಿ, ಮೆಣಸು, ಹುಣಸೆಹುಳಿ ಕಡೆದ ಹಿಟ್ಟನ್ನು ಬೆನ್ನಿಗೆ ತೆಳುವಾಗಿ ಸವರಿ, ಅದರ ಮೇಲೆ ತಲೆಬಾಲ ಅದಲುಬದಲಾಗಿ ಇನ್ನೊಂದೆಲೆ, ಮತ್ತೆ ಹಿಟ್ಟು. ಬದಿ ಮಡಚಿ ಸುರುಳಿ ಸುತ್ತಿ ತೊಂದೂರಿನ ಹಬೆಯಲ್ಲಿ ಬೇಯಿಸಬೇಕು. ಕೆಸುವಿನಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳೇ ಗಂಟಲಿನ ತುರಿಕೆಗೆ ಕಾರಣ. ಹುಳಿ ಮುಂದಾಗಿರಬೇಕು, ಹಬೆ ಚೆನ್ನಾಗಿ ಹಿಡಿಯಬೇಕು. ಹುಳಿಗೆ ಜಿಪುಣತನ ಮಾಡಿದವರ ಪತ್ರೊಡೆಯ ಸುದ್ದಿ ಊರಲ್ಲಿ ಬೇಗ ಹಬ್ಬುತ್ತದೆ! ಬೇಸಿಗೆಯಲ್ಲಿ ಉಪ್ಪಿಗೆ ಹಾಕಿಟ್ಟ ಹಲಸಿನ ತೊಳೆ, ಒಣಗಿಸಿಟ್ಟ ಸಾಂತಣಿ (ಹಲಸಿನ ಬೀಜ), ಕಣಿಲೆ (ಎಳೆ ಬಿದಿರು), ತಿಮರೆ (ಒಂದೆಲಗ) ಚಟ್ನಿ, ತಜಂಕಿನ (ಚಗಟೆ ಸೊಪ್ಪಿನ) ಪಲ್ಯ ಎಲ್ಲ ಈಗಲೇ ಹೊರಬರುವುದು. ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆ ಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ತಂದು ಕಷಾಯ ಕುಡಿಯುತ್ತಾರೆ. ಮೇಲೆ ಮೆಂತೆ ಗಂಜಿ. ಕಷಾಯದ ಕಹಿಗೆ ಮುಖ ಹಿಂಡದ ಮಗುವನ್ನು ನಾನಂತೂ ಕಂಡಿಲ್ಲ.

ಇವೆಲ್ಲಕ್ಕೂ ಮೇಲಿನ ಕೈಕೆಲಸ ಮೂಡೆ, ಎಲೆಯ ಕೊಳವೆಯಲ್ಲಿ ಬೇಯಿಸುವ ಇಡ್ಲಿ. ಕೃಷ್ಣಾಷ್ಟಮಿಗೆ ಉಡುಪಿ ಸುತ್ತಿನ ಮನೆಗಳಲ್ಲಿ ಮೂಡೆ, ಗುಂಡ, ಉಂಡೆಗಳಿಲ್ಲದೆ ಆಗದು. ಗುಂಡಕ್ಕೆ ನಾಲ್ಕು ಹಲಸಿನೆಲೆ, ಕಡ್ಡಿ ಚುಚ್ಚಿದರೆ ಬಟ್ಟಲು ಸಿದ್ಧ. ಅದನ್ನು ಯಾರಾದರೂ ಮಾಡಿಯಾರು. ಮೂಡೆ ಹಾಗಲ್ಲ. ಕೇದಗೆ ಜಾತಿಯ ಮುಂಡೇವಿನ ಉದ್ದ ಗರಿಗೆ ಎರಡು ಅಂಚಿನಲ್ಲೂ ನಡುನರದಲ್ಲೂ ಮುಳ್ಳು. ಮುಳ್ಳು ಸೀಳಿ ತೆಗೆದು, ಬೆಂಕಿಯ ಮೇಲೆ ಬಾಡಿಸಬೇಕು. ಕಡಿಮೆ ಬಾಡಿದರೆ ಮಡಚುವಲ್ಲಿ ಬಿರಿಯುತ್ತದೆ, ಹೆಚ್ಚಾದರೆ ಕರಟುತ್ತದೆ. ಆಮೇಲೆ ಬೆರಳಿಗೆ ಸುತ್ತಿ ಕೊಳವೆ ಮಾಡಿ, ತಳ ಮಡಚಿ, ಕಡ್ಡಿ ಚುಚ್ಚಿ ನಿಲ್ಲಿಸುವುದು. ಉದ್ದು-ಅಕ್ಕಿಯ ಹಿಟ್ಟು ಹೊಯ್ದರೆ ಒಂದು ಹನಿ ಸೋರಬಾರದು. ಅಂಟಿಲ್ಲ, ದಾರವಿಲ್ಲ, ಬರೀ ಮಡಿಕೆಯ ಬಿಗಿ. ಮಲ್ಲಿಗೆ ಕಟ್ಟುವ ಕೈಗೆ ಈ ಬಿಗಿಯ ಅಂದಾಜು ಮೊದಲೇ ಗೊತ್ತು. ಬೆಂದ ಮೇಲೆ ಸುರುಳಿ ಬಿಚ್ಚಿದರೆ ಇಡ್ಲಿಯ ಮೈಮೇಲೆ ಎಲೆಯ ಗೆರೆಗಳು ಓರೆಯಾಗಿ ಮೂಡಿರುತ್ತವೆ. ಆ ಪರಿಮಳ ಸ್ಟೀಲಿನ ಲೋಟದಲ್ಲಿ ಬೇಯಿಸಿದ್ದಕ್ಕೆ ಬರುವುದಿಲ್ಲ. ಬರುತ್ತದೆಂದು ವಾದಿಸುವವರೊಡನೆ ಜಗಳ ಬೇಡ.

ಶಂಕರಪುರದ ಇನ್ನೊಂದು ಮಗ್ಗುಲು ಸೈಂಟ್ ಜಾನ್ ಇಗರ್ಜಿಯ ಸುತ್ತಲಿನ ಕ್ರೈಸ್ತ ಮನೆಗಳು. ಮಲ್ಲಿಗೆ ಕೃಷಿಯನ್ನು ಎತ್ತಿ ಹಿಡಿದವರಲ್ಲಿ ಈ ಕೊಂಕಣಿ ಮನೆಯವರ ಪಾಲು ದೊಡ್ಡದು. ಈ ಮನೆಗಳ ಬಾಯಮ್ಮಂದಿರು ಕಟ್ಟಿದ ಹೂ ದೈವದ ಗುಡಿಗೆ ಹೋಗುತ್ತದೆ, ಅದರಲ್ಲಿ ಯಾರಿಗೂ ವಿಶೇಷ ಕಂಡಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ತೋಟದಲ್ಲಿ ಸಿಕ್ಕ ಹೂಗಳನ್ನೆಲ್ಲ ಬುಟ್ಟಿಯಲ್ಲಿ ತಂದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವಾದ ಪಡೆದ ಹೊಸ ತೆನೆಯ ಕಾಳನ್ನು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣುವುದು. ಊಟ ಬಾಳೆಎಲೆಯಲ್ಲಿ, ಮೀನು ಮಾಂಸವಿಲ್ಲ, ತರಕಾರಿ ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕು. ಡಿಸೆಂಬರಿನಲ್ಲಿ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳು: ನೆವ್ರ್ಯೊ, ಗುಳಿಯೊ, ಕಿಡಿಯೊ. ಕಿಡಿಯೊ ಮಾಡುವಾಗ ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಎತ್ತುತ್ತಾರೆ. ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು ಮಾಡಬೇಕಾದ ಕೆಲಸ, ಹೂ ಕಟ್ಟಿದಂತೆಯೇ.

ಕಟಪಾಡಿಯಿಂದ ಕಡಲ ಕಡೆಗೆ ಹೋದರೆ ಮಟ್ಟು. ಯತಿ ವಾದಿರಾಜರು ಕೊಟ್ಟ ಬೀಜದಿಂದ ಬಂತೆನ್ನುವ ಮಟ್ಟುಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ತಿಳಿಹಸಿರು, ಗುಂಡಗೆ, ತೊಟ್ಟಿಗೆ ಮುಳ್ಳು. ಮೊದಲ ಬೆಳೆ ಕೃಷ್ಣಮಠಕ್ಕೆ. ಇದರ ಬಗ್ಗೆ ಬರೆದವರು ಬಹಳ, ಆದ್ದರಿಂದ ಇಷ್ಟು ಮಾತ್ರ ಹೇಳುತ್ತೇನೆ: ಈ ಗುಳ್ಳ ಹೂವಿನ ಸೀಸನ್ನಿನ ಮನೆಗಳಿಗೆ ದೊಡ್ಡ ಉಪಕಾರಿ. ಬೆಳಗ್ಗೆ ಮಾಡಿದ ಹುಳಿ ಸಂಜೆಗೂ ನಡೆಯುತ್ತದೆ.

ಈಗ ಕಟ್ಟುವವರು ಕಡಿಮೆಯಾಗಿದ್ದಾರೆ. ಮಗಳು ಮಣಿಪಾಲದ ಆಸ್ಪತ್ರೆಯಲ್ಲೋ ಕಂಪೆನಿಯಲ್ಲೋ ಕೆಲಸಕ್ಕಿದ್ದಾಳೆ, ಏಳೂವರೆಯ ಬಸ್ಸಿಗೆ ಹೊರಡಬೇಕು. ಗಿಡ ಇರುವವರಿಗೆ ಕೈಯಿಲ್ಲ, ಕೈಯಿರುವವರಿಗೆ ಗಿಡವಿಲ್ಲ. ಹಾಗಾಗಿ ಚೆಂಡಿಗೆ ಇಷ್ಟೆಂದು ಕೂಲಿ ಕೊಟ್ಟು ನೆರೆಮನೆಯಲ್ಲಿ ಕಟ್ಟಿಸುವುದು ಬಳಕೆಗೆ ಬಂದಿದೆ. ಅದರ ಇನ್ನೊಂದು ತುದಿ ಉಡುಪಿ, ಮಣಿಪಾಲದ ತಾರಸಿಗಳಲ್ಲಿದೆ. ನಿವೃತ್ತ ಬ್ಯಾಂಕ್ ನೌಕರರು, ಮಕ್ಕಳು ವಿದೇಶದಲ್ಲಿರುವ ದಂಪತಿಗಳು ಕುಂಡಗಳಲ್ಲಿ ಶಂಕರಪುರದ ಗಿಡ ನೆಟ್ಟು, ಅಕ್ಕಿ ತೊಳೆದ ನೀರು ಹಾಕಿ, ಬೆಳಗಾತ ಮೊಗ್ಗು ಕೊಯ್ಯುತ್ತಾರೆ. ಹವ್ಯಾಸ ಎಂದೇ ಹೇಳಿಕೊಳ್ಳುತ್ತಾರೆ. ಆದರೆ ಹತ್ತು ಗಂಟೆಗೆ ಫೋನು ತೆಗೆದು ಅಟ್ಟೆಯ ದರ ನೋಡದೆ ಇರುವವರು ಅವರಲ್ಲೂ ಕಡಿಮೆ. ಕಟ್ಟಲು ಬಾರದವರು ಮೊಗ್ಗು ಎಣಿಸಿ, ಬಾಳೆಎಲೆಯಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಟ್ಟುವವರ ಮನೆಗೆ ಓಡುತ್ತಾರೆ. ಅಷ್ಟರಲ್ಲಿ ಕುಕ್ಕರಿನ ಸೀಟಿ ಎಷ್ಟಾಯಿತೆಂದು ಎಣಿಸುವ ಕೆಲಸ ಮನೆಯಲ್ಲಿದ್ದ ಯಜಮಾನರದ್ದು.