ಕರೆಂಟ್ ಹೋದರೂ ಲೆಕ್ಕ ಮರೆಯದ ಪಂಪ್ ಟೈಮರ್

ನಮ್ಮ ಮನೆ ದಾವಣಗೆರೆಯಲ್ಲಿ, ಅಡಿಕೆ ತೋಟ ಹರಿಹರದ ಕಡೆ. ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಬಂದರೆ ಆಟೋ ಸ್ಟಾರ್ಟರ್ ಮೋಟಾರ್ ಆನ್ ಮಾಡುತ್ತೆ. ಆದರೆ ಆಫ್ ಮಾಡೋರು ಯಾರು? ಬ್ಯಾಟರಿ ಹಿಡಿದು ಹಾವು-ಹುಳದ ನಡುವೆ ಹೋಗಬೇಕು. ಹೋಗದಿದ್ದರೆ ಬೆಳಗಿನ ತನಕ ನೀರು ಹರಿದು ಅಡಿಕೆ ಬುಡದಲ್ಲಿ ನಿಲ್ಲುತ್ತೆ, ಬೇರು ಕೊಳೆಯುತ್ತೆ.

ಅದಕ್ಕೆ ಒಂದು ಟೈಮರ್ ಮಾಡೋಣ ಅಂತ ಕೂತೆ. ನಾನು ಎಲೆಕ್ಟ್ರಾನಿಕ್ಸ್ ಓದಿದವನಲ್ಲ. ತಂದಿದ್ದು ಇಷ್ಟೇ: ಆರ್ಡುಯಿನೋ ನ್ಯಾನೋ ಬೋರ್ಡ್, 5 ವೋಲ್ಟ್ ರಿಲೇ ಮಾಡ್ಯೂಲ್, ಒಂದು ಪುಶ್ ಬಟನ್, ಹಳೇ ಮೊಬೈಲ್ ಚಾರ್ಜರ್. ಎರಡು ಗಂಟೆ ಎಣಿಸಿ ರಿಲೇ ಬಿಡುವ ಪ್ರೋಗ್ರಾಂ ಬರೆದೆ. ಮೇಜಿನ ಮೇಲೆ ಚೆನ್ನಾಗೇ ಓಡಿತು.

ತೋಟದಲ್ಲಿ ಕೈಕೊಟ್ಟಿತು. ರಾತ್ರಿ ಮೂರ್ನಾಲ್ಕು ಸಲ ಕರೆಂಟ್ ಹೋಗಿ ಬಂತು. ಪ್ರತಿ ಸಲವೂ ಬೋರ್ಡ್ ಸೊನ್ನೆಯಿಂದ ಎಣಿಸೋಕೆ ಶುರು ಮಾಡಿತ್ತು. ಬೆಳಿಗ್ಗೆ ನೋಡಿದರೆ ತೋಟದ ತುಂಬಾ ನೀರು.

ನೆನಪು ಎಲ್ಲಿಡಬೇಕು?

ನ್ಯಾನೋದಲ್ಲಿರುವ ಎಟಿಮೆಗಾ328ಪಿ ಚಿಪ್‌ನಲ್ಲಿ 1 ಕಿಲೋಬೈಟ್ ಇಇಪ್ರಾಮ್ ಇದೆ. ಅದರಲ್ಲಿ ಬರೆದದ್ದು ಕರೆಂಟ್ ಹೋದರೂ ಉಳಿಯುತ್ತೆ. ಆದರೆ ಒಂದು ಜಾಗಕ್ಕೆ ಬರೆಯೋದು ಸುಮಾರು 1 ಲಕ್ಷ ಸಲ ಮಾತ್ರ ಅಂತ ಲೆಕ್ಕ. ದಿನಕ್ಕೆ 7 ಗಂಟೆ ಓಡಿ, ನಿಮಿಷಕ್ಕೊಮ್ಮೆ ಬರೆದರೆ 420 ಸಲ ಆಯ್ತು. 238 ದಿನಕ್ಕೇ ಆಯಸ್ಸು ಮುಗೀತು. 10 ನಿಮಿಷಕ್ಕೊಮ್ಮೆ ಬರೆದರೆ ಆರು ವರ್ಷ ದಾಟುತ್ತೆ. ಕರೆಂಟ್ ಹೋದಾಗ ಲೆಕ್ಕ ತಪ್ಪೋದು ಹೆಚ್ಚೆಂದರೆ 10 ನಿಮಿಷ. ಅಡಿಕೆಗೆ ಅದೇನೂ ದೊಡ್ಡದಲ್ಲ.

ಈಗಿನ ಕ್ರಮ ಹೀಗಿದೆ:

1. ಕರೆಂಟ್ ಬಂದ ಕೂಡಲೇ ಇಇಪ್ರಾಮ್ ಓದು. 12 (ಅಂದರೆ ಎರಡು ಗಂಟೆ) ಆಗಿದ್ದರೆ ಸುಮ್ಮನಿರು.
2. ಆಗಿಲ್ಲದಿದ್ದರೆ ವೋಲ್ಟೇಜ್ ನಿಲ್ಲಲಿ ಅಂತ 2 ನಿಮಿಷ ಕಾದು ರಿಲೇ ಹಾಕು.
3. 10 ನಿಮಿಷಕ್ಕೊಮ್ಮೆ ಒಂದು ಕೂಡಿಸಿ ಬರೆ. 12 ಆದ ಕೂಡಲೇ ರಿಲೇ ಬಿಡು.
4. ಬಟನ್ ಒತ್ತಿದರೆ ಮತ್ತೆ ಸೊನ್ನೆ, ಹೊಸ ಸರದಿ.

ಹೊಸ ಚಿಪ್‌ನ ಖಾಲಿ ಜಾಗದಲ್ಲಿ 255 ಇರುತ್ತೆ. ಹಾಗಾಗಿ 'ಸರಿಯಾಗಿ 12' ಅಂತ ಬರೀಬೇಡಿ, '12 ಅಥವಾ ಹೆಚ್ಚು' ಅಂತ ಬರೆಯಿರಿ. ಆಗ ನೀವು ಬಟನ್ ಒತ್ತುವ ತನಕ ಮೋಟಾರ್ ಹೊರಡಲ್ಲ.

ಇಲ್ಲಿ ಹುಷಾರು

ರಿಲೇಗೆ ಮೋಟಾರ್ ವೈರ್ ನೇರವಾಗಿ ಕೊಡಲೇಬೇಡಿ. ತ್ರೀಫೇಸ್ ಸ್ಟಾರ್ಟರ್‌ನ ಕಾಯಿಲ್ ಸಾಮಾನ್ಯವಾಗಿ 415 ವೋಲ್ಟ್‌ನದು; ಈ ಸಣ್ಣ ರಿಲೇ ತಡೆಯೋದು 250 ವೋಲ್ಟ್ ಮಾತ್ರ. ರಿಲೇಯಿಂದ 230 ವೋಲ್ಟ್ ಕಾಯಿಲ್‌ನ ಒಂದು ಚಿಕ್ಕ ಕಾಂಟ್ಯಾಕ್ಟರ್, ಅದರಿಂದ ಸ್ಟಾರ್ಟರ್. ಚಾರ್ಜರ್‌ಗೆ ಸಪ್ಲೈ ಸಿಂಗಲ್ ಫೇಸ್ ಪ್ರಿವೆಂಟರ್ ದಾಟಿ ಬರಲಿ, ಇಲ್ಲದಿದ್ದರೆ ಬರೀ ಸಿಂಗಲ್ ಫೇಸ್ ಇದ್ದಾಗಲೂ ಬೋರ್ಡ್ ಎಣಿಸುತ್ತೆ. ಈ ವೈರಿಂಗ್ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಬೋರ್‌ನಲ್ಲಿ ನೀರಿದೆಯೋ ಇಲ್ಲವೋ ಅನ್ನೋದು ಈ ಟೈಮರ್‌ಗೆ ಗೊತ್ತಾಗಲ್ಲ. ಸ್ಟಾರ್ಟರ್‌ನ ಓವರ್‌ಲೋಡ್ ರಿಲೇ, ಡ್ರೈ ರನ್ ರಕ್ಷಣೆ ತೆಗೀಬೇಡಿ.

ತೋಟಕ್ಕೆ ಒಯ್ಯುವ ಮೊದಲು ಒಂದು ವಾರ ಮನೆಯಲ್ಲೇ ಎಲ್‌ಇಡಿ ಹಾಕಿ ಓಡಿಸಿ. ನಡುನಡುವೆ ಬೇಕಂತಲೇ ಪ್ಲಗ್ ಕಿತ್ತು ಹಾಕಿ ನೋಡಿ. ನಾನು ಈ ಒಂದು ಪರೀಕ್ಷೆ ಮಾಡಿದ್ದರೆ ಅವತ್ತು ತೋಟ ಕೆರೆ ಆಗ್ತಿರಲಿಲ್ಲ.